ಆರು ವಾರ ಬಾಯಿ ಮುಚ್ಚಿಸಿದ ಮೇಷ್ಟ್ರು: ಮ್ಯಾನುಯೆಲ್ ಗಾರ್ಸಿಯಾ ಬಗ್ಗೆ

ಐದೂವರೆ_ಮನೆ:

ಹೋದ ತಿಂಗಳು ನನ್ನ ಧ್ವನಿ ಹೋಯಿತು. ಶೀತ ಇಲ್ಲ, ಜ್ವರ ಇಲ್ಲ. ಬೆಳಗ್ಗೆ ಎದ್ದು ಮಗನನ್ನು ಕರೆದರೆ ಬರೀ ಗಾಳಿ ಬಂತು. ನಾನು ಪ್ರೈಮರಿ ಶಾಲೆ ಟೀಚರ್. ಸಂಜೆ ಮನೆಯಲ್ಲಿ ಹತ್ತು ಮಕ್ಕಳಿಗೆ ಸಂಗೀತ ಪಾಠ. ಶುಂಠಿ, ಜೇಷ್ಠಮಧು, ಕಲ್ಲುಸಕ್ಕರೆ ಎಲ್ಲ ಆಯಿತು. ಮೂರು ವಾರ ಕಾದು ಕೊನೆಗೆ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ.

ಅವರು ಹಳೇ ಕಾಲದವರು. ಸ್ಪಿರಿಟ್ ದೀಪದ ಮೇಲೆ ಉದ್ದ ಹಿಡಿಯ ಪುಟ್ಟ ಗುಂಡು ಕನ್ನಡಿ ಹಿಡಿದು ಬಿಸಿ ಮಾಡಿದರು. ತಮ್ಮ ಕೈ ಹಿಂಬದಿಗೆ ತಾಗಿಸಿ ನೋಡಿದರು. ಬಿಸಿ ಯಾಕೆ ಅಂದರೆ, ತಣ್ಣಗಿದ್ದರೆ ನಮ್ಮ ಉಸಿರಿಗೆ ಕನ್ನಡಿ ಮಂಜಾಗಿಬಿಡುತ್ತದೆಯಂತೆ. ಆಮೇಲೆ ಬಟ್ಟೆಯಲ್ಲಿ ನನ್ನ ನಾಲಿಗೆ ಹಿಡಿದು ಎಳೆದು, ಕನ್ನಡಿಯನ್ನು ಕಿರುನಾಲಿಗೆಗೆ ಒತ್ತಿ, "ಈ ಅನ್ನಿ" ಅಂದರು. ಇಪ್ಪತ್ತು ವರ್ಷ ಸಂಗೀತ ಹೇಳಿಕೊಟ್ಟವಳಿಗೆ ಒಂದು "ಈ" ಬರಲಿಲ್ಲ. ಓಕರಿಕೆ ಬಂತು.

"ಎರಡೂ ಕಡೆ ಸಣ್ಣ ಗಂಟು ಶುರುವಾಗಿದೆ. ಮಾತು ಬಿಡಿ" ಅಂದರು. ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದರು: "ಈ ಕನ್ನಡಿಯಲ್ಲಿ ಗಂಟಲು ನೋಡೋದನ್ನ ಲೋಕಕ್ಕೆ ತೋರಿಸಿದ್ದು ಡಾಕ್ಟರ್ ಅಲ್ಲ ಕಣಮ್ಮ. ನಿಮ್ಮ ಹಾಗೆ ಒಬ್ಬ ಸಂಗೀತದ ಮೇಷ್ಟ್ರು."

ಮಾತಾಡುವ ಹಾಗಿಲ್ಲ, ಹಾಡುವ ಹಾಗಿಲ್ಲ. ಇನ್ನೇನು ಮಾಡಲಿ? ಆ ಮೇಷ್ಟ್ರ ಬಗ್ಗೆ ಓದುತ್ತ ಕೂತೆ.

ಹೆಸರು ಮ್ಯಾನುಯೆಲ್ ಗಾರ್ಸಿಯಾ. ಹುಟ್ಟಿದ್ದು 1805. ಅಪ್ಪನ ಹೆಸರೂ ಅದೇ. ಅಪ್ಪ ದೊಡ್ಡ ಒಪೆರಾ ಗಾಯಕ. ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಇಟಲಿಯ ರೊಸ್ಸೀನಿ 'ಬಾರ್ಬರ್ ಆಫ್ ಸೆವಿಲ್' ಅನ್ನುವ ಒಪೆರಾ ಬರೆದಾಗ ಆಲ್ಮಾವೀವಾ ಪಾತ್ರ ಮಾಡಿದವನು ಇದೇ ಅಪ್ಪ. ಮನೆ ಮಂದಿಯೆಲ್ಲ ಹಾಡುವವರೇ, ಥೇಟ್ ನಮ್ಮ ಕಂಪನಿ ನಾಟಕದ ಮನೆಗಳ ಹಾಗೆ. 1825ರ ನವೆಂಬರ್ 29ಕ್ಕೆ ನ್ಯೂಯಾರ್ಕಿನ ಪಾರ್ಕ್ ಥಿಯೇಟರಿನಲ್ಲಿ ಅದೇ ಒಪೆರಾ ಆಡಿದರು. ಆ ಊರಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ನಡೆದ ಮೊದಲ ಒಪೆರಾ. ಅಪ್ಪ ಆಲ್ಮಾವೀವಾ, ಅಮ್ಮ ಬೆರ್ಟಾ, ತಂಗಿ ಮರಿಯಾ ರೊಸೀನಾ. ನಮ್ಮ ಮೇಷ್ಟ್ರು ಫಿಗರೋ, ಆಗ ಇಪ್ಪತ್ತು ವರ್ಷ. ಅಲ್ಲಿಂದ ಮೆಕ್ಸಿಕೋಗೆ ಹೋದರು. ದುಡಿದದ್ದನ್ನು ಹೊತ್ತುಕೊಂಡು ಬಂದರಿನ ಕಡೆ ಬರುವಾಗ ದಾರಿಗಳ್ಳರು ಎಲ್ಲ ದೋಚಿದರು.

ತಂಗಿ ಮರಿಯಾ ಮಾಲಿಬ್ರಾನ್ ಅನ್ನುವ ಹೆಸರಲ್ಲಿ ಯೂರೋಪೆಲ್ಲ ಮೆರೆದಳು. ಚಿಕ್ಕ ತಂಗಿ ಪೌಲೀನ್ ವಿಯಾರ್ಡೋ ಕೂಡ. ಅಣ್ಣನ ಧ್ವನಿ ಮಾತ್ರ ಕೈಕೊಟ್ಟಿತು. ಇಪ್ಪತ್ತೈದರ ಹೊತ್ತಿಗೆ ರಂಗ ಬಿಟ್ಟಾಯಿತು. ಆಮೇಲೆ ಸೈನ್ಯದ ಆಸ್ಪತ್ರೆಗಳಲ್ಲಿ ಕೆಲಸ, ಜೊತೆಗೆ ಗಂಟಲಿನ ರಚನೆಯ ಓದು. ಕಸಾಯಿ ಅಂಗಡಿಯಿಂದ ಕುರಿ, ಕೋಳಿ, ದನದ ಗಂಟಲು ಮನೆಗೆ ತಂದು ತಿದಿಯಿಂದ ಗಾಳಿ ಊದಿ ಸದ್ದು ಬರಿಸುತ್ತಿದ್ದರು ಅನ್ನುವ ಕಥೆ ಇದೆ. ಅಮ್ಮನಿಗೆ ಎಷ್ಟು ಹಿಂಸೆಯಾಯಿತೋ ಪಾಪ.

1841ರಲ್ಲಿ ಪ್ಯಾರಿಸಿನ ಅವರ ಮನೆಗೆ ಸ್ವೀಡನ್ನಿನ ಹುಡುಗಿಯೊಬ್ಬಳು ಬಂದಳು. ಜೆನಿ ಲಿಂಡ್. ಇಪ್ಪತ್ತೇ ವರ್ಷ. ಊರಿನಲ್ಲಿ ಆಗಲೇ ದೊಡ್ಡ ಹೆಸರು. ಹಾಡಿ ಹಾಡಿ ಗಂಟಲು ಸೋತಿತ್ತು. ಗಾರ್ಸಿಯಾ ಮುಂದೆ ಹಾಡಲು ಹೋಗಿ ನಡುವೆ ನಿಂತುಬಿಟ್ಟಳು. ಈಗ ಪಾಠ ಹೇಳಿ ಉಪಯೋಗವಿಲ್ಲ, ಧ್ವನಿ ಉಳಿದಿಲ್ಲ ಅಂದರು ಮೇಷ್ಟ್ರು. ಅವಳು ಅತ್ತಳು. ಆರು ವಾರ ಹಾಡಬೇಡ, ಮಾತನ್ನೂ ಆದಷ್ಟು ಕಡಿಮೆ ಮಾಡು, ಆಮೇಲೆ ಬಾ ಅಂದರು. ಹುಡುಗಿ ಆರು ವಾರ ಫ್ರೆಂಚ್ ಓದಿಕೊಂಡು ಬಾಯಿ ಮುಚ್ಚಿಕೊಂಡು ಕೂತಳು.

ತಿರುಗಿ ಬಂದಾಗ ಪಾಠ ಎಲ್ಲಿಂದ ಶುರುವಾಯಿತು ಗೊತ್ತಾ? ಸರಳೆ ವರಸೆ, ನಮ್ಮ ಮಕ್ಕಳ ಮೊದಲ ಸರಿಗಮ ಪಾಠ! ಅವರ ಲೆಕ್ಕದ ಸರಳೆ. ಮೇಲೆ ಕೆಳಗೆ ಸ್ವರ ಮಾತ್ರ, ತೀರಾ ನಿಧಾನ. ಉಸಿರಿನ ವಿಷಯದಲ್ಲಿ ಮೇಷ್ಟ್ರು ಒಂದಿಷ್ಟೂ ಬಿಡುತ್ತಿರಲಿಲ್ಲ. ವಾರಕ್ಕೆ ಎರಡು ಪಾಠ, ಸುಮಾರು ಹತ್ತು ತಿಂಗಳು. 1842ರ ಅಕ್ಟೋಬರಿನಲ್ಲಿ ಅವಳು ಸ್ಟಾಕ್‌ಹೋಮಿನ ರಂಗದ ಮೇಲೆ 'ನಾರ್ಮಾ' ಒಪೆರಾ ಹಾಡುತ್ತಿದ್ದಳು. ಮುಂದೆ ಅಮೆರಿಕದಲ್ಲಿ ಅವಳ ಕಚೇರಿ ಟಿಕೆಟ್ಟನ್ನು ಹರಾಜು ಹಾಕಿ ಮಾರಿದರಂತೆ.

ಗಂಟಲಿನ ಒಳಗೆ ಇಣುಕಿ ನೋಡುವ ಹುಚ್ಚು ಇರುವ ಮೇಷ್ಟ್ರು ಸಿಕ್ಕಿದ್ದರಿಂದ ಆ ಹುಡುಗಿ ಬದುಕಿದಳು ಅಂತ ನನಗನ್ನಿಸುತ್ತದೆ. ನನಗೆ ಹಾಗೆ ಯಾರೂ ಸಿಗಲಿಲ್ಲ. ಚಿಕ್ಕಂದಿನಲ್ಲಿ ಕಲಿಸಿದವರು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಶ್ರುತಿ ಇಡುತ್ತಿದ್ದರು. ಐದೂವರೆ ಮನೆ. ಮನೆ ಅಂದರೆ 'ಸ' ಇಡುವ ಎತ್ತರದ ಲೆಕ್ಕ, ಮನೆ ಹೆಚ್ಚಾದಷ್ಟೂ ಶ್ರುತಿ ಮೇಲೆ. ತಾರಸ್ಥಾಯಿಯಲ್ಲಿ, ಅಂದರೆ ಮೇಲಿನ ಸ್ವರಗಳಲ್ಲಿ, ಗಂಟಲು ಬಿಗಿದರೆ "ಇನ್ನೂ ಸಾಧಕ ಸಾಲದು" ಅನ್ನುತ್ತಿದ್ದರು. ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಯ್ತಲ್ಲ.

ತಾನೇ ಹಾಡಲಾಗದವರು ಒಳ್ಳೇ ಗುರು ಆಗಬಹುದಾ? ನಿಮಗೇನನ್ನಿಸುತ್ತದೆ?

---

ಸುಮ್ನೆ_ಓದುವವಳು:

ಕುರಿ ಗಂಟಲಿಗೆ ತಿದಿ ಊದಿದ್ದು ಓದಿ ಚಹಾ ಮೂಗಿಗೆ ಹತ್ತಿತು. ಬೇಗ ಹುಷಾರಾಗಿ ಅಕ್ಕಾ.

---

ಅಜ್ಜನ_ತಂಬೂರಿ:

ಕಥೆ ಚೆನ್ನಾಗಿದೆ ತಾಯಿ. ಕನ್ನಡಿ ನೋಡಿ ಯಾರಿಗೂ ಹಾಡು ಬಂದಿಲ್ಲ ಅಂತ ಮಾತ್ರ ಹೇಳಬೇಕು. ನನ್ನ ಗುರುಗಳಿಗೆ ಗಂಟಲೊಳಗೆ ಎಷ್ಟು ತಂತಿ ಇವೆ ಅಂತ ಗೊತ್ತಿರಲಿಲ್ಲ. ನಾನು ತಪ್ಪು ಹಾಡಿದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಅಷ್ಟೇ ನಮಗೆ ಪಾಠ. ಗುರು ಹಾಡಬೇಕು, ಶಿಷ್ಯ ಕೇಳಬೇಕು. ಹಾಡಲು ಬಾರದವನು ಏನು ಕೊಟ್ಟಾನು?

---

ಮ್ಯೂನಿಕ್_ಮಂಜ:

ಐದೂವರೆ ಅಕ್ಕಾ, ಒಂದು ಸಣ್ಣ ತಿದ್ದುಪಡಿ. ಸಣ್ಣದು ಅಂತೀನಿ, ಆದ್ರೆ ನಿಮ್ಮ ಇಡೀ ವಾದವೇ ತಿರುಗಿ ಬೀಳುತ್ತದೆ.

ಕನ್ನಡಿ ಕಂಡುಹಿಡಿದದ್ದು 1854ರಲ್ಲಿ. ಲಿಂಡ್ ಬಂದದ್ದು 1841ರಲ್ಲಿ. ಹದಿಮೂರು ವರ್ಷ ಅಂತರ! ಗಾರ್ಸಿಯಾ ಗಾಯನದ ಗ್ರಂಥದ ಮೊದಲ ಭಾಗ ಬಂದದ್ದು 1840ರಲ್ಲಿ, ಎರಡನೇ ಭಾಗ 1847ರಲ್ಲಿ. ಅಂದರೆ ಪಾಠದ ಕ್ರಮ ಎಲ್ಲ ಗಟ್ಟಿಯಾದ ಮೇಲೆ ಕನ್ನಡಿ ಬಂತು. ಲಿಂಡ್‌ಳ ಗಂಟಲನ್ನು ಅವರು ನೋಡಲೇ ಇಲ್ಲ. ಬರೀ ಕಿವಿಯಿಂದ ಕೇಳಿ ರೋಗ ಹೇಳಿದರು.

ತಂಬೂರಿ ಅಜ್ಜಾ, ಖುಷಿಪಡುವುದಕ್ಕೆ ಮೊದಲು ಇದನ್ನೂ ಕೇಳಿ. ಅಪ್ಪ ಗಾರ್ಸಿಯಾ ನೀವು ಹೇಳಿದ ಹಾಗೇ ಮಹಾ ಹಾಡುಗಾರ. ಕಲಿಸುವಾಗ ರಾಕ್ಷಸ. ಮಗಳು ಮರಿಯಾ ಅಳುತ್ತಲೇ ಕಲಿತಳು ಅಂತ ಎಲ್ಲರೂ ಬರೆದಿದ್ದಾರೆ. ಮಗ ಸದ್ದಿಲ್ಲದ ಮನುಷ್ಯ. ಶಿಷ್ಯರ ಪಟ್ಟಿ ನೋಡಿ: ಲಿಂಡ್, ಸ್ಟಾಕ್‌ಹೌಸನ್, ಸ್ಯಾಂಟ್ಲಿ, ಮಥಿಲ್ಡೆ ಮಾರ್ಕೇಸಿ. ಮಾರ್ಕೇಸಿಯ ಶಿಷ್ಯೆ ನೆಲ್ಲಿ ಮೆಲ್ಬಾ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1848ರಿಂದ 1895ರ ತನಕ ಪಾಠ ಹೇಳಿದರು. ಬಿಟ್ಟಾಗ ತೊಂಬತ್ತು ವರ್ಷ.

---

ಐದೂವರೆ_ಮನೆ:

ಅಯ್ಯೋ ಮಂಜ, ಹೌದಲ್ಲ! ವರ್ಷ ಎರಡೂ ಓದಿದ್ದೆ, ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಕನ್ನಡಿ ನನ್ನ ಬಾಯಿಗೆ ಹೋಗಿತ್ತಲ್ಲ, ಅದಕ್ಕೇ ಎಲ್ಲದಕ್ಕೂ ಕನ್ನಡಿಯೇ ಕಾರಣ ಅಂದುಕೊಂಡೆ. ಮೇಲಿನ ಮಾತು ವಾಪಸ್ಸು.

ಹಾಗಾದರೆ ಇನ್ನೂ ದೊಡ್ಡ ವಿಷಯ ಅದು. ನೋಡದೆಯೇ "ಇದು ದಣಿದ ಗಂಟಲು, ಇದಕ್ಕೆ ಸಾಧಕ ಬೇಡ, ಸುಮ್ಮನಿರುವುದು ಬೇಕು" ಅಂತ ಹೇಳಬೇಕಾದರೆ ತನ್ನ ಗಂಟಲು ಹೋದದ್ದು ಹೇಗೆ ಅಂತ ಎಷ್ಟು ಸಲ ಕೂತು ಯೋಚಿಸಿರಬೇಕು! ಚೆನ್ನಾಗಿ ಹಾಡುವವರಿಗೆ ಆ ಯೋಚನೆ ಬರುವುದೇ ಇಲ್ಲ. ನನಗೆ ಐದೂವರೆ ಇಟ್ಟವರ ಧ್ವನಿ ಬೆಣ್ಣೆ ಹಾಗಿತ್ತು. ತಮಗೆ ಬರುವುದು ಬೇರೆಯವರಿಗೆ ಯಾಕೆ ಬರುವುದಿಲ್ಲ ಅಂತ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

---

ಕಿವಿಮೂಗುಗಂಟಲು:

ನಾನು ಇದೇ ಕೆಲಸದವನು. ಕನ್ನಡಿ ಕಥೆ ಪೂರ್ತಿ ಮಾಡುತ್ತೇನೆ, ನಮ್ಮ ಪಾಠದಲ್ಲಿ ಇದು ಬರುತ್ತದೆ.

1854ರ ಸೆಪ್ಟೆಂಬರ್. ಗಾರ್ಸಿಯಾ ರಜೆಗೆ ಪ್ಯಾರಿಸಿಗೆ ಬಂದಿದ್ದರು. ಪಾಲೆ ರಾಯಲ್ ಅಂಗಳದಲ್ಲಿ ಅಡ್ಡಾಡುವಾಗ ಕಿಟಕಿ ಗಾಜಿನ ಮೇಲೆ ಬಿಸಿಲು ಹೊಳೆಯಿತು. ಎರಡು ಕನ್ನಡಿ ಇದ್ದರೆ ಆಯಿತಲ್ಲ ಅಂತ ಆಗ ಹೊಳೆದದ್ದು. ನೇರ ಶಸ್ತ್ರಚಿಕಿತ್ಸೆ ಸಾಮಾನು ಮಾಡುವ ಶಾರಿಯೇರ್ ಅಂಗಡಿಗೆ ಹೋದರು. ಹಲ್ಲಿನ ಡಾಕ್ಟರಿಗೆ ಅಂತ ಮಾಡಿದ, ಯಾರೂ ಕೊಳ್ಳದೆ ಉಳಿದಿದ್ದ ಒಂದು ಪುಟ್ಟ ಕನ್ನಡಿ ಸಿಕ್ಕಿತು. ಆರು ಫ್ರಾಂಕ್. ಮನೆಗೆ ಬಂದು ಅದನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಕಿರುನಾಲಿಗೆಗೆ ಇಟ್ಟುಕೊಂಡರು. ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟರು. ತಮ್ಮ ಧ್ವನಿತಂತುಗಳು ಅಗಲವಾಗಿ ತೆರೆದಿರುವುದು ಕಂಡಿತು. ಅದರ ಕೆಳಗೆ ಶ್ವಾಸನಾಳವೂ ಒಂದಿಷ್ಟು.

ಇದಕ್ಕೆ ಮೊದಲೂ ಕೆಲವರು ಕನ್ನಡಿ ಇಟ್ಟು ಪ್ರಯತ್ನಪಟ್ಟಿದ್ದರು. ಹಾಡುವಾಗ ತಂತು ಹೇಗೆ ಕೂಡುತ್ತದೆ, ಹೇಗೆ ನಡುಗುತ್ತದೆ ಅಂತ ನೋಡಿ ಬರೆದು 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟವರು ಇವರು. ಆಗ ಡಾಕ್ಟರುಗಳು ಅಷ್ಟಾಗಿ ಗಮನ ಕೊಡಲಿಲ್ಲ. ಎರಡು ಮೂರು ವರ್ಷ ಆದಮೇಲೆ ವಿಯೆನ್ನಾದ ಟ್ಯೂರ್ಕ್, ಬುಡಾಪೆಸ್ಟಿನ ಚೆರ್ಮಾಕ್ ಕೈಗೆ ಹೋಗಿ ಅದು ಆಸ್ಪತ್ರೆ ಸೇರಿತು. ಚೆರ್ಮಾಕ್ ದೀಪದ ಬೆಳಕು ಬಳಸಿದ್ದರಿಂದ ಮೋಡ ಕವಿದ ದಿನವೂ ನೋಡುವ ಹಾಗಾಯಿತು.

ಇನ್ನು ನಿಮ್ಮ ಗಂಟು. ಗಂಡಸರ ಧ್ವನಿತಂತುಗಿಂತ ಹೆಂಗಸರದ್ದು ಚಿಕ್ಕದು. ಒಂದು ಸೆಂಟಿಮೀಟರು ಮೇಲೆ ಸ್ವಲ್ಪ, ಅಷ್ಟೇ. ಐದೂವರೆ ಮನೆಯ ಷಡ್ಜ (ಸ) ಹಾಡುವಾಗ ಅದು ಸೆಕೆಂಡಿಗೆ ಸುಮಾರು 208 ಸಲ ಒಂದಕ್ಕೊಂದು ಬಡಿಯುತ್ತದೆ. ತಾರಸ್ಥಾಯಿ ಪಂಚಮಕ್ಕೆ (ಮೇಲಿನ ಪ) 620 ದಾಟುತ್ತದೆ. ನಾಲ್ಕು ಮನೆ ಇಟ್ಟರೆ ಷಡ್ಜ 175ಕ್ಕೆ ಇಳಿಯುತ್ತದೆ. ಬಿಗಿದು ಹಾಡಿದಾಗ ಜಾಸ್ತಿ ಪೆಟ್ಟು ಬೀಳುವ ಜಾಗದಲ್ಲಿ, ಅಂದರೆ ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಎರಡೂ ಕಡೆ ಗಂಟು ಏಳುತ್ತದೆ. ಗುದ್ದಲಿ ಹಿಡಿದ ಕೈಗೆ ಬೊಬ್ಬೆ ಬಂದ ಹಾಗೆ. ಸಾಮಾನ್ಯವಾಗಿ ಮೊದಲು ವಿಶ್ರಾಂತಿ, ಆಮೇಲೆ ಧ್ವನಿ ಥೆರಪಿ. ಕತ್ತರಿ ಕೊನೆಗೆ.

ಇನ್ನೊಂದು: ಪಿಸುಮಾತು ಆಡಬೇಡಿ. ವಿಶ್ರಾಂತಿ ಅಂದರೆ ಎಲ್ಲರೂ ಪಿಸುಗುಡಲು ಶುರು ಮಾಡುತ್ತಾರೆ. ಬಹಳ ಜನ ಅದನ್ನೂ ಬಿಗಿದೇ ಮಾಡುತ್ತಾರೆ.

---

ಐದೂವರೆ_ಮನೆ:

ಮೂರು ದಿನದಿಂದ ಪಿಸುಗುಡುತ್ತಲೇ ಇದ್ದೆ ಡಾಕ್ಟ್ರೇ. ಸ್ಲೇಟು ತಂದೆ ಈಗ.

---

ಕುಂದಗೋಳ_ಪ್ಯಾಸೆಂಜರ್:

ಹುಬ್ಬಳ್ಳಿಯವನು ನಾನು. ಹೋದ ಧ್ವನಿಯ ಮಾತು ಬಂತು ಅಂದಮೇಲೆ ನಮ್ಮ ಗಂಗೂಬಾಯಿ ಹಾನಗಲ್ಲರನ್ನು ಬಿಟ್ಟರೆ ಹೇಗ್ರಿ? ಮೊದಲಿನ ರೆಕಾರ್ಡು ಕೇಳಿ, ಸಣ್ಣ ಚೂಪು ಧ್ವನಿ. ಟಾನ್ಸಿಲ್ ಚಿಕಿತ್ಸೆ ಆದಮೇಲೆ ದಪ್ಪಗಾಯಿತು. ರೇಡಿಯೋದಲ್ಲಿ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುವಷ್ಟು. ಅವರು ಹಳೇ ಧ್ವನಿ ಹುಡುಕಿಕೊಂಡು ಹೋಗಲಿಲ್ಲ. ಇದ್ದ ಧ್ವನಿಯಲ್ಲಿ ಕಿರಾನಾ ಘರಾಣೆಯ ಹಿಂದೂಸ್ತಾನಿ ಸಂಗೀತ ಹಾಡಿದರು. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು. ಒಂದೇ ಸ್ವರವನ್ನು ದಿನಗಟ್ಟಲೆ ಹೇಳಿಸುವ ಪಾಠ ಅದು.

ಇನ್ನೊಬ್ಬರು ಸುಳೇಭಾವಿಯ ಕುಮಾರ ಗಂಧರ್ವರು. ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸಕ್ಕೆ ಬಾರದ ಹಾಗಾಯಿತು. ವರ್ಷಗಟ್ಟಲೆ ಹಾಡಲಿಲ್ಲ. ತಿರುಗಿ ಬಂದಾಗ ಒಂದೇ ಉಸಿರಿನಲ್ಲಿ ಉದ್ದಕ್ಕೆ ಸ್ವರ ಹರಿಸುವ 'ತಾನ್' ಬಿಟ್ಟು ತುಂಡು ತುಂಡಾಗಿ ಹಾಡುವ ಬೇರೆಯೇ ದಾರಿ ಹಿಡಿದರು. ಅದನ್ನೇ ಈಗ ಅವರ ಶೈಲಿ ಅಂತೀವಿ.

ತಂಬೂರಿ ಅಜ್ಜಾ, ಕುಮಾರರ ಗುರು ದೇವಧರರು ಇದ್ದರಲ್ಲ, ಅವರೂ ಧ್ವನಿ ಸಾಧನೆಯ ಶಾಸ್ತ್ರದ ಬಗ್ಗೆ ತಲೆಕೆಡಿಸಿಕೊಂಡು ಬರೆದವರೇ. ನಮ್ಮಲ್ಲಿ ಆ ಯೋಚನೆ ಇರಲೇ ಇಲ್ಲ ಅಂತಲ್ಲ.

---

ಅಜ್ಜನ_ತಂಬೂರಿ:

ಪ್ಯಾಸೆಂಜರಪ್ಪ, ನೀನು ಹೇಳಿದ ಇಬ್ಬರೂ ಹಾಡುತ್ತಲೇ ಇದ್ದವರು. ಗಾರ್ಸಿಯಾ ಬಿಟ್ಟುಕೊಟ್ಟವನು. ಎರಡೂ ಒಂದಲ್ಲ. ಆರು ವಾರ ಬಾಯಿ ಮುಚ್ಚಿಸಿದ್ದು ಮಾತ್ರ ಒಪ್ಪಿದೆ. ನಮ್ಮ ಗುರುಗಳು ಶೀತ ಆದಾಗಲೂ ಹಾಡಿಸುತ್ತಿದ್ದರು. ಅದು ತಪ್ಪು ಅಂತ ಈಗ ಅನ್ನಿಸುತ್ತದೆ, ಆಗ ಹೇಳಲು ಧೈರ್ಯ ಇರಲಿಲ್ಲ.

ಒಂದು ಕೇಳಬೇಕು. ಗಾರ್ಸಿಯಾ ಸ್ವರ ಹಿಡಿಯುವಾಗ ಗಂಟಲಲ್ಲಿ ಹೊಡೆಯಬೇಕು ಅಂತ ಕಲಿಸುತ್ತಿದ್ದನಂತೆ. ಮೊಮ್ಮಗಳ ಪಿಯಾನೋ ಟೀಚರ್ ಹೇಳಿದರು. ಗಂಟಲು ಉಳಿಸಿದವನೇ ಗಂಟಲಿಗೆ ಹೊಡೆಸುತ್ತಿದ್ದನೇ?

---

ಮ್ಯೂನಿಕ್_ಮಂಜ:

ಅಜ್ಜಾ, ಅಲ್ಲೇ ಇರುವುದು ತಕರಾರು! ಅದರ ಹೆಸರು 'ಕೂ ದ ಗ್ಲೋತ್'. ಸುಮ್ಮನೆ ಅನುವಾದ ಮಾಡಿದರೆ 'ಗಂಟಲಿನ ಪೆಟ್ಟು'. ಹೆಸರೇ ಕೆಟ್ಟದ್ದಾಯಿತು. ಅವರ ಜೀವಮಾನದಲ್ಲೇ ಇದರ ಮೇಲೆ ಜಗಳ ಎದ್ದಿತ್ತು.

ಅವರು ಹೇಳಿದ್ದು ಇಷ್ಟೇ. ಮೊದಲು ತಂತುಗಳು ಹಗುರಾಗಿ ಕೂಡಲಿ, ಆಮೇಲೆ ಉಸಿರು ಬಿಡು. ಆಗ ಸ್ವರ ಮೊದಲ ಕ್ಷಣದಲ್ಲೇ ಸ್ವಚ್ಛವಾಗಿ ನಿಲ್ಲುತ್ತದೆ, ಮುಂಚೆ ಹಸ್ ಅಂತ ಗಾಳಿ ಸೋರುವುದಿಲ್ಲ. 'ಪ' ಅನ್ನುವ ಮೊದಲು ತುಟಿ ಕೂಡುತ್ತದಲ್ಲ, ಹಾಗೆ. ಎದೆಯಿಂದ ಕೆಮ್ಮಿನ ಹಾಗೆ ನೂಕುವುದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ ಅಂತ ಅವರೇ ಎಚ್ಚರಿಕೆ ಬರೆದಿದ್ದಾರೆ. ಪುಸ್ತಕ ಓದಿದವರು ಕೆಮ್ಮಿದರು.

ಇಲ್ಲಿ ಒಪೆರಾಗೆ ನಿಂತು ನೋಡುವ ಅಗ್ಗದ ಟಿಕೆಟ್ ಸಿಗುತ್ತದೆ, ಆಗಾಗ ಹೋಗುತ್ತೇನೆ. ಮೈಕ್ ಇಲ್ಲ. ಕೆಳಗೆ ಗುಂಡಿಯಲ್ಲಿ ಐವತ್ತು ಅರವತ್ತು ವಾದ್ಯ. ಆದರೂ ಮೇಲ್ಗಡೆ ಗೋಡೆಗೆ ಒರಗಿದ ನನಗೆ ಒಂದೇ ಒಂದು ಗಂಟಲು ಕೇಳುತ್ತದೆ. ಕೂಗುವುದರಿಂದ ಅಲ್ಲ. ಪಳಗಿದ ಒಪೆರಾ ಧ್ವನಿಯಲ್ಲಿ, ಅದರಲ್ಲೂ ಗಂಡಸರದ್ದರಲ್ಲಿ, ಸೆಕೆಂಡಿಗೆ 3000 ಕಂಪನದ ಆಸುಪಾಸಿನಲ್ಲಿ ಒಂದು ಹೊಳಪು ಬರುತ್ತದೆ. ವಾದ್ಯಗಳ ಬಲ ಅದಕ್ಕಿಂತ ಬಹಳ ಕೆಳಗೆ. ಆ ಖಾಲಿ ಜಾಗದಲ್ಲಿ ಧ್ವನಿ ತೂರಿ ಬರುತ್ತದೆ. ನಮಗೆ ಮೈಕ್ ಇದೆ, ಆದರೂ ಬಿಗಿದು ಹಾಡುತ್ತೇವೆ. ಇದು ಮಾತ್ರ ನನಗೆ ಅರ್ಥ ಆಗಲ್ಲ.

---

ಐದೂವರೆ_ಮನೆ:

ಮಂಜ, ಇದು ಓದಿ ಜಂಟಿ ವರಸೆ ನೆನಪಾಯಿತು.

ಸಸ ರಿರಿ ಗಗ. ಎರಡನೇ ಸ್ವರ ಒತ್ತಿ ಹೇಳಿ ಅಂತ ಎಲ್ಲರೂ ಕಲಿಸುತ್ತೇವೆ. ಹೇಗೆ ಒತ್ತಬೇಕು ಅಂತ ಯಾರೂ ಹೇಳುವುದಿಲ್ಲ. ಮಕ್ಕಳು ಗಂಟಲು ಕಟ್ಟಿ ಬಿಡುತ್ತಾರೆ, ಟಕ್ ಅಂತ ಸದ್ದು ಬರುತ್ತದೆ. ಮೂರು ಕಾಲ, ಅಂದರೆ ಮೂರು ವೇಗದಲ್ಲಿ, ಮಾಡಿಸುವಾಗ ಅದು ನೂರಾರು ಸಲ ಆಗುತ್ತದೆ. ನಾನೂ ಹಾಗೇ ಕಲಿತೆ, ಹಾಗೇ ಕಲಿಸಿದೆ. ಹತ್ತು ಮಕ್ಕಳಿಗೆ, ವಾರಕ್ಕೆ ಮೂರು ದಿನ.

ನಿನ್ನೆ ಸ್ಲೇಟಿನಲ್ಲಿ ಬರೆದು ಮಗನಿಗೆ ಜಂಟಿ ಹೇಳಿಸಿದೆ. "ಕೆಮ್ಮಬೇಡ, ಹೊಟ್ಟೆಯಿಂದ ಸ್ವಲ್ಪ ಉಸಿರು ಕೊಡು" ಅಂತ ಬರೆದೆ. ಎರಡು ಸಲ ಟಕ್ ಅಂದ. ಮೂರನೇ ಸಲ ಟಕ್ ಇಲ್ಲದೆ ರಿರಿ ಬಂತು. ನಾನು ಬಾಯಿಂದ ಹಾಡಿ ತೋರಿಸದೆ ಹೇಳಿಕೊಟ್ಟ ಮೊದಲ ಪಾಠ ಅದು. ತಂಬೂರಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

---

ಅಜ್ಜನ_ತಂಬೂರಿ:

ನಾನೂ ಈಗ ಸಸ ರಿರಿ ಹೇಳಿ ನೋಡಿದೆ. ಟಕ್ ಅಂತಿದೆ. ಎಪ್ಪತ್ತೆರಡು ವರ್ಷ ಆಯಿತು, ಯಾರೂ ಹೇಳಲಿಲ್ಲ.

---

ಸುಮ್ನೆ_ಓದುವವಳು:

ಆ ಮೇಷ್ಟ್ರು ಎಷ್ಟು ವರ್ಷ ಬದುಕಿದ್ದರು ಕೊನೆಗೆ?

---

ಕಿವಿಮೂಗುಗಂಟಲು:

ನೂರಾ ಒಂದು. 1905ರ ಮಾರ್ಚ್ 17ಕ್ಕೆ ನೂರು ತುಂಬಿದಾಗ ಲಂಡನ್ನಿನಲ್ಲಿ ದೊಡ್ಡ ಸಮಾರಂಭ ಮಾಡಿದರು. ಹಾಡುಗಾರರ ಜೊತೆ ಗಂಟಲಿನ ಡಾಕ್ಟರುಗಳೂ ಸೇರಿದ್ದರು. ಇಂಗ್ಲೆಂಡಿನ ದೊರೆ ಬಿರುದು ಕೊಟ್ಟ. ಸಾರ್ಜೆಂಟ್ ಅನ್ನುವ ದೊಡ್ಡ ಚಿತ್ರಕಾರ ಅವರ ಚಿತ್ರ ಬರೆದ. ತೀರಿಕೊಂಡದ್ದು 1906ರ ಜುಲೈಯಲ್ಲಿ. ಅದಕ್ಕೂ ಮೊದಲೇ, 1862ರಲ್ಲಿ, ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯ ಅವರಿಗೆ ವೈದ್ಯಕೀಯದಲ್ಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಹಾಗಾಗಿ ಡಾಕ್ಟರ್ ಅಲ್ಲ ಅಂತಲೂ ಹೇಳುವ ಹಾಗಿಲ್ಲ!

ಗಂಟಲು ನೋಡಲು ಕ್ಯಾಮೆರಾ ಬಂದಮೇಲೆ ನನ್ನ ಕನ್ನಡಿ ಡ್ರಾಯರ್ ಸೇರಿದೆ. ಕರೆಂಟ್ ಹೋದ ದಿನ ಮಾತ್ರ ಹೊರಗೆ ಬರುತ್ತದೆ.

---

ಐದೂವರೆ_ಮನೆ:

ಕೊನೇ ಸುದ್ದಿ ಹಾಕಿ ಹೋಗುತ್ತೇನೆ, ಕೆಲವರು ಒಳಗೆ ಮೆಸೇಜ್ ಮಾಡಿ ಕೇಳಿದ್ದೀರಿ.

ಇವತ್ತು ಡಾಕ್ಟರು ಮತ್ತೆ ಕನ್ನಡಿ ಇಟ್ಟರು. ಈ ಸಲ "ಈ" ಬಂತು. ಗಂಟು ಚಿಕ್ಕದಾಗಿದೆಯಂತೆ. ದಿನಕ್ಕೆ ಹತ್ತು ನಿಮಿಷ ಹಾಡಬಹುದು, ಪಂಚಮ ದಾಟುವ ಹಾಗಿಲ್ಲ. ಸಂಜೆ ಶ್ರುತಿ ಪೆಟ್ಟಿಗೆಯನ್ನು ನಾಲ್ಕು ಮನೆಗೆ ಇಳಿಸಿ ಸರಳೆ ಶುರು ಮಾಡಿದೆ. ಒಂದನೇ ಕಾಲ, ಒಂದೊಂದೇ ಸ್ವರ. ಮಕ್ಕಳಿಗೂ ಇನ್ನು ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ನೋಡಿ ಇಡಬೇಕು. ಹತ್ತು ಮಕ್ಕಳು, ಒಂದೇ ಪೆಟ್ಟಿಗೆ. ಹೇಗೆ ಮಾಡೋದೋ ಗೊತ್ತಿಲ್ಲ.

ಮೊದಲ ಸಾಲಿನ ಪುಟ್ಟಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕೈ ಎತ್ತಿದಳು. "ಮಿಸ್, ಪೆಟ್ಟಿಗೆ ಕೆಟ್ಟಿದೆಯಾ?"